ಹದಿನೆಂಟು ಮಿಲಿಮೀಟರು

ಫೆಬ್ರವರಿ 6

ರಕ್ತ ಹೋದ ದಿನಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ ಎಂದರು ಡಾಕ್ಟರು. ಅಂಗಡಿಯಲ್ಲಿ ಸಣ್ಣದಿರಲಿಲ್ಲ, ಈ ಇನ್ನೂರು ಪುಟದ್ದು ಸಿಕ್ಕಿತು. ಇರಲಿ. ಯಾರಿಗೂ ಹೇಳದ್ದನ್ನು ಇದಕ್ಕಾದರೂ ಹೇಳಬಹುದು.

ಇವತ್ತಿಗೆ ಹತ್ತೊಂಬತ್ತನೇ ದಿನ. ಅದಕ್ಕೆ ಮುಂಚಿನ ಐದು ತಿಂಗಳು ಒಂದು ಹನಿಯೂ ಇರಲಿಲ್ಲ. ಮೊದಲ ತಿಂಗಳು ಬಸಿರೇ ಇರಬೇಕೆಂದು ಒಳಗೊಳಗೇ ಕುಣಿದಾಡಿದೆ. ಪರೀಕ್ಷೆ ಮಾಡಿದರೆ ಒಂದೇ ಗೆರೆ. ಆಮೇಲೆ ಸುಮ್ಮನಾದೆ. ಈಗ ಕಟ್ಟೆ ಒಡೆದ ಹಾಗಾಗಿದೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ನನ್ನ ಸೀಟಿನ ಮೇಲೆ ಕಪ್ಪು ಟವಲನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು, ದಿನಕ್ಕೆ ಒಂಬತ್ತು ಜನಕ್ಕೆ ಕ್ಲಚ್ಚು, ಗೇರು ಹೇಳಿಕೊಡುತ್ತಿದ್ದೇನೆ. ಗಂಡನಿಗೆ ಬೆನ್ನುನೋವು ಎಂದಿದ್ದೇನೆ. ಅತ್ತೆಗೆ ಅದನ್ನೂ ಹೇಳಿಲ್ಲ.

ಡಾಕ್ಟರು ಸ್ಕ್ಯಾನಿನ ಪರದೆಯತ್ತ ಬೆರಳು ತೋರಿಸಿದರು. “ಗರ್ಭಕೋಶದ ಒಳಪದರ ಹದಿನೆಂಟು ಮಿಲಿಮೀಟರ್ ಇದೆ. ಇಷ್ಟು ದಪ್ಪ ಇರಬಾರದು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು.”

“ಕ್ಯಾನ್ಸರಾ?”

“ಅಲ್ಲ ಅಂತ ಹೇಳೋಕೆ ನನಗೆ ಆ ಚೂರು ಬೇಕು.”

ನೇರ ಮಾತಿನ ಹೆಂಗಸು. ನಾಡಿದ್ದೇ ತೆಗೆಯಿರಿ ಎಂದೆ. ಮನೆಯಲ್ಲಿ ಮೂರು ವರ್ಷದಿಂದ ಎಲ್ಲರೂ ಒಂದು ಮಗುವಿಗಾಗಿ ಕಾಯುತ್ತಿದ್ದಾರೆ. ಅವರ ಮುಂದೆ ಈ ಪದರದ ಕಥೆ ಬಿಚ್ಚುವುದಿಲ್ಲ. ನನ್ನ ಮೈ, ನಾನೇ ಸರಿಮಾಡಿಕೊಳ್ಳುತ್ತೇನೆ.

ಫೆಬ್ರವರಿ 8

ಚೂರು ತೆಗೆದರು. ಐದೇ ನಿಮಿಷ, ಆದರೆ ಉದ್ದನೆಯ ಐದು ನಿಮಿಷ. ನರ್ಸ್ ಕೇಳಿದಳು, “ಜೊತೆಗೆ ಯಾರೂ ಬಂದಿಲ್ವಾ?”

“ನಾನು ಬಂದಿದ್ದೀನಲ್ಲ” ಎಂದೆ.

ಮಧ್ಯಾಹ್ನ ಎರಡು ಗಂಟೆಯ ಪಾಠಕ್ಕೆ ಹೋದೆ. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಿತ್ತು. ತಪ್ಪಿಸಲಿಲ್ಲ.

ಫೆಬ್ರವರಿ 13

ಬೇಡವಾಗಿದ್ದ ಕೆಲಸ ಆಯಿತು. ಒಬ್ಬರಿಗೆ ಗೊತ್ತಾಯಿತು.

ಬೆಳಿಗ್ಗೆ ಎಂಟಕ್ಕೆ ಬ್ರೇಕ್ ಟೀಚರ್ ಪಾಠ. ಅವರು ನಿವೃತ್ತ ಶಾಲಾ ಶಿಕ್ಷಕಿ, ಅರವತ್ತೆರಡು ವರ್ಷ. ಎದುರಿಗೆ ನಾಯಿ ಬಂದರೂ ಬ್ರೇಕು, ನೆರಳು ಬಂದರೂ ಬ್ರೇಕು. ಅದಕ್ಕೇ ನಮ್ಮ ಡ್ರೈವಿಂಗ್ ಶಾಲೆಯಲ್ಲೆಲ್ಲ ಆ ಹೆಸರು. ನನ್ನ ಕಾಲಡಿಯಲ್ಲೂ ಒಂದು ಬ್ರೇಕ್ ಇದೆ, ಅವರ ದೆಸೆಯಿಂದ ಅದಕ್ಕೆ ರಜೆ. ಇವತ್ತು ಅವರು ಮೂರನೇ ಸಲ ಗಕ್ಕನೆ ನಿಲ್ಲಿಸಿದಾಗ ನನಗೆ ಕಣ್ಣು ಕತ್ತಲಿಟ್ಟಿತು. ಅವರು ಕಾರನ್ನು ಪಕ್ಕಕ್ಕೆ ತಂದರು, ಸಿಗ್ನಲ್ ಹಾಕಿ, ಕನ್ನಡಿ ನೋಡಿ, ನಾನು ಹೇಳಿಕೊಟ್ಟ ಹಾಗೆಯೇ.

“ನಿನ್ನ ತುಟಿ ನೋಡು, ಸುಣ್ಣ ಬಳಿದ ಹಾಗಿದೆ. ಎಷ್ಟು ದಿನದಿಂದ ಹೋಗ್ತಿದೆ?”

“ಏನು?”

“ಟವಲ್ ಮೇಲೆ ಕೂತಿದ್ದೀಯಲ್ಲ, ಅದು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಲಿ ಜೀವಶಾಸ್ತ್ರ ಹೇಳಿದ್ದೀನಿ ಕಣಮ್ಮ.”

ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಅವರು ಕನಿಕರಿಸಲಿಲ್ಲ, ಅದೊಂದು ಸಮಾಧಾನ. ಸ್ಟಿಯರಿಂಗ್ ಹಿಡಿದೇ ಅವರ ಕಥೆ ಹೇಳಿದರು. ಅವರಿಗೂ ಪ್ರಾಯದಲ್ಲಿ ಮುಟ್ಟು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ. “ಪೀಡೆ ತಪ್ಪಿತು ಅಂತ ಖುಷಿಪಟ್ಟೆ. ಮಕ್ಕಳಿಗೆ ಪಾಠ ಹೇಳೋಳು ನಾನು, ನನ್ನ ಪಾಠ ಓದಲಿಲ್ಲ. ಐವತ್ತನೇ ವಯಸ್ಸಲ್ಲಿ ಗರ್ಭಕೋಶದ ಕ್ಯಾನ್ಸರ್. ತೆಗೆದರು, ಬದುಕಿದೆ. ನೀನು ಬೇಗ ಹೋಗಿದ್ದೀಯ. ಜಾಣೆ.”

ಜಾಣೆ ಅಂತ ನನ್ನನ್ನು ಯಾರಾದರೂ ಕರೆದು ಎಷ್ಟು ಕಾಲವಾಯಿತು!

ಫೆಬ್ರವರಿ 19

ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ.

ಮೇಲಿನ ಸಾಲನ್ನು ಎರಡು ಸಲ ಓದಿಕೊಂಡೆ.

ಆದರೆ ಕಥೆ ಮುಗಿದಿಲ್ಲ. ಪದರ ಅತಿಯಾಗಿ ಬೆಳೆದಿದೆ, ಕೋಶಗಳು ಇನ್ನೂ ಕೆಟ್ಟಿಲ್ಲ. ಹೀಗೇ ಬಿಟ್ಟರೆ ಮುಂದೊಂದು ದಿನ ಕೆಡಬಹುದು. ಮೂಲ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆಯಂತೆ. ಆ ಹೆಸರನ್ನು ಹಿಂದೆಯೂ ಕೇಳಿದ್ದೆ, ಮುಖದ ಮೇಲಿನ ಕೂದಲಿಗೂ ಮೊಡವೆಗೂ ಅನ್ನುವ ಹೆಸರು ಎಂದುಕೊಂಡಿದ್ದೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಪ್ರತಿ ತಿಂಗಳು ಒಂದು ಹಾರ್ಮೋನು ಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಇನ್ನೊಂದು ಹಾರ್ಮೋನು ಬಂದು “ಸಾಕು, ನಿಲ್ಲು” ಎನ್ನುತ್ತದೆ. ನನ್ನಲ್ಲಿ ಅಂಡ ಬಿಡುಗಡೆಯಾಗುವುದೇ ಅಪರೂಪ. ಹಾಗಾಗಿ ಸಾಕು ಎನ್ನುವವರಿಲ್ಲ.

“ಇದಕ್ಕೆಲ್ಲ ಬೆಂಕಿ ಹಾಕ್ತಿರೋದು ಇನ್ಸುಲಿನ್” ಎಂದರು. “ನಿಮ್ಮ ಸಕ್ಕರೆ ಇನ್ನೂ ಗಡಿ ದಾಟಿಲ್ಲ. ಆದ್ರೆ ಅದನ್ನ ಗಡಿಯೊಳಗೆ ಇಡೋಕೆ ನಿಮ್ಮ ಮೈ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇನ್ಸುಲಿನ್ ಸುರೀತಿದೆ. ಆ ಹೆಚ್ಚಿನದು ಅಂಡಾಶಯನೂ ಕೆಡಿಸುತ್ತೆ, ಪದರಾನೂ ಬೆಳೆಸುತ್ತೆ.”

ಪದರಕ್ಕೆ ಒಂದು ಮಾತ್ರೆ, ದಿನಕ್ಕೆರಡು ಸಲ, ಆರು ತಿಂಗಳು. ಇನ್ಸುಲಿನ್ನಿಗೆ ಇನ್ನೊಂದು. ರಕ್ತ ಕಡಿಮೆಯಾಗಿದೆ, ಅದಕ್ಕೆ ಕಬ್ಬಿಣದ್ದು. ನಡಿಗೆ. ತೂಕ. ಮಗುವಿನ ಮಾತು ಆರು ತಿಂಗಳು ಬೇಡ.

“ನನಗೆ ಮೂವತ್ಮೂರು, ಡಾಕ್ಟ್ರೇ.”

“ಮೊದಲು ನೀವು. ಆಮೇಲೆ ಮಗು.”

ಮಾತು ಚೆನ್ನಾಗಿದೆ. ಹೇಳುವವರಿಗೇನು. ನನಗೆ ಬೇಕಾದದ್ದು ಮಗು, ಅದಕ್ಕೆ ಈ ಮೈ ದಾರಿ ಅಷ್ಟೇ. ದಾರಿ ದುರಸ್ತಿ ಮಾಡೋಣ. ಆರು ತಿಂಗಳು ಎಂದರೆ ನೂರೆಂಬತ್ತು ದಿನ, ಮುನ್ನೂರರವತ್ತು ಮಾತ್ರೆ. ಒಂದನ್ನೂ ತಪ್ಪಿಸುವುದಿಲ್ಲ.

ಫೆಬ್ರವರಿ 24

ರಕ್ತ ನಿಂತಿದೆ.

ಅತ್ತೆಯ ಟೀಗೆ ಮೂರು ಚಮಚ ಸಕ್ಕರೆ. ನನಗೆ ಸಕ್ಕರೆ ಬೇಡ ಎಂದೆ. “ನನ್ನ ಕೈ ಟೀ ಈಗ ರುಚಿಸಲ್ವಾ?” ಎಂದು ಮುಖ ಊದಿಸಿಕೊಂಡರು. ತೂಕ ಇಳಿಸ್ತಿದ್ದೀನಿ ಎಂದೆ. “ಮೈಯಲ್ಲಿ ಸತ್ವ ಇದ್ರೆ ತಾನೇ ನಾಲ್ಕು ಜನರ ಹಾಗೆ ಎಲ್ಲಾ ಆಗೋದು” ಎಂದರು. ಎಲ್ಲಾ ಅಂದರೆ ಏನು ಎಂದು ಈ ಮನೆಯ ಗೋಡೆಗೂ ಗೊತ್ತು.

ಮಾರ್ಚ್ 1

ಇನ್ಸುಲಿನ್ ಮಾತ್ರೆ ಹೊಟ್ಟೆಯನ್ನು ಹಿಡಿದು ಕುಲುಕುತ್ತಿದೆ. ಬೆಳಿಗ್ಗೆ ಒಂದೇ ಪಾಠದಲ್ಲಿ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಮೂರು ಸಲ. ಕಲಿಯಲು ಬಂದಿದ್ದ ದರ್ಜಿ ಪಾಪ, “ಮೇಡಂ, ಇವತ್ತು ಬಂಕಿಗೆ ತಿರುಗಿಸೋದೇ ಪಾಠಾನಾ?” ಎಂದು ಕೇಳಿದ. ಹೌದು, ಎಡ ತಿರುವು ಗಟ್ಟಿಯಾಗಲಿ ಎಂದೆ. ನಿಜಕ್ಕೂ ಗಟ್ಟಿಯಾಯಿತು.

ಊಟದ ಜೊತೆಗೇ ನುಂಗಿದರೆ ಕಡಿಮೆಯಾಗುತ್ತದಂತೆ. ಬಿಡುವುದಿಲ್ಲ.

ಮಾರ್ಚ್ 23

ನಾಲ್ಕು ವಾರ ಹಲ್ಲು ಕಚ್ಚಿದ್ದಕ್ಕೆ ಇಳಿದ ತೂಕ ಮುನ್ನೂರು ಗ್ರಾಂ. ಅದು ನನ್ನ ಚಪ್ಪಲಿಯ ತೂಕ. ಮಧ್ಯಾಹ್ನ ಕಾರಿನಲ್ಲಿ ಒಬ್ಬಳೇ ಕೂತು ಒಂದು ಇಡೀ ಪೊಟ್ಟಣ ಕ್ರೀಮ್ ಬಿಸ್ಕತ್ತು ತಿಂದೆ. ಕೊನೆಯ ಎರಡನ್ನು ತಿನ್ನಬೇಕೆಂದೂ ಇರಲಿಲ್ಲ. ತಿಂದೆ. ಬರೆದಿಡುತ್ತಿದ್ದೇನೆ, ನಾಳೆ ಸುಳ್ಳು ಹೇಳಿಕೊಳ್ಳದಿರಲಿ ಎಂದು.

ಮಾರ್ಚ್ 24

ನಾಲ್ಕನೇ ಮಹಡಿಯ ಮನೆಗೆ ಇನ್ನು ಮೇಲೆ ಮೆಟ್ಟಿಲಲ್ಲೇ. ಎಪ್ಪತ್ತೆರಡು ಮೆಟ್ಟಿಲು. ಗಂಡನ ಕೆಲಸವೇ ಲಿಫ್ಟ್ ರಿಪೇರಿ. ಹೆಂಡತಿ ಮೆಟ್ಟಿಲು ಹತ್ತುತ್ತಾಳೆ ಅಂದರೆ ನನ್ನ ಮರ್ಯಾದೆ ಗತಿ ಏನು ಎಂದು ನಕ್ಕರು. ಯಾಕೆ ಹತ್ತುತ್ತೀಯ ಎಂದು ಮಾತ್ರ ಕೇಳಲಿಲ್ಲ.

ಏಪ್ರಿಲ್ 7

ಇವರಿಗೆ ಗೊತ್ತಾಯಿತು. ಅಲ್ಲ, ಗೊತ್ತಿತ್ತು.

ಭಾನುವಾರ ಇಬ್ಬರೇ ಇದ್ದೆವು. ಬಟ್ಟೆ ಒಣಹಾಕುತ್ತಾ ಇವರು ಇದ್ದಕ್ಕಿದ್ದಂತೆ ಹೇಳಿದರು, “ಆ ಕಪ್ಪು ಟವಲ್‌ನ ಒಂದು ತಿಂಗಳು ದಿನಾ ನೀನೇ ಒಗೀತಿದ್ದೆ. ಮಾತ್ರೆ ಚೀಟಿ ನೋಡಿದೆ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ.”

“ಎರಡು ತಿಂಗಳಿಂದಾನಾ?”

“ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರು ಒಳಗಿಂದ ಕೂಗೋ ತನಕ ಬಾಗಿಲು ಒಡೀಬಾರದು ಅಂತ ನಮ್ಮಲ್ಲಿ ನಿಯಮ.”

“ಕೂಗದೇ ಇದ್ರೆ?”

ತಪ್ಪಾಯ್ತು, ಕೇಳಬೇಕಿತ್ತು ಎಂದರು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಎಲ್ಲ ಹೇಳಿದೆ, ಡಾಕ್ಟರು ಬರೆದ ಚಿತ್ರವನ್ನೂ ತೋರಿಸಿದೆ. ಅದರ ಗೆರೆಗಳ ಮೇಲೆ ಬೆರಳಾಡಿಸಿದರು.

“ಅಂದ್ರೆ ಬಟನ್ ಒತ್ತಿದ್ರೆ ಲಿಫ್ಟ್ ಬರ್ತಿಲ್ಲ. ಅದಕ್ಕೆ ಹತ್ತು ಸಲ ಒತ್ತುತ್ತಿದೆ ಮೈ. ಆ ಒತ್ತೋ ರಭಸಕ್ಕೆ ಪಕ್ಕದ ವೈರೆಲ್ಲ ಸುಡ್ತಿದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.”

ಡಾಕ್ಟರ ಅರ್ಧ ಗಂಟೆಯ ಪಾಠವನ್ನು ಈ ಮನುಷ್ಯ ನಾಲ್ಕು ಮಾತಿನಲ್ಲಿ ಮುಗಿಸಿದ. ಅಮ್ಮನಿಗೆ ನಾನೇ ಹೇಳಲಾ ಎಂದು ಕೇಳಿದರು. ಬೇಡ ಎಂದೆ. ಅದು ನನ್ನ ಕೆಲಸ, ನನಗೆ ಬೇಕಾದಾಗ.

ಏಪ್ರಿಲ್ 16

ಬೇಕಾದಾಗ ಅಂದವಳು ಇವತ್ತು ಬೇಡದ ಹೊತ್ತಿನಲ್ಲಿ ಹೇಳಿದೆ.

ಅತ್ತೆ ಪಕ್ಕದ ಮನೆಯವಳೊಂದಿಗೆ ಬಾಗಿಲಲ್ಲಿ ನಿಂತು, “ನಮ್ಮನೇಲೂ ಮೂರು ವರ್ಷ ಆಯ್ತು, ಕೆಲಸ ಕೆಲಸ ಅಂತ ಅವಳಿಗೆ ಮನಸ್ಸೇ ಇಲ್ಲ” ಎಂದರು. ನಾನು ಎಪ್ಪತ್ತೆರಡನೇ ಮೆಟ್ಟಿಲ ಮೇಲಿದ್ದೆ. ಪಕ್ಕದವಳು ಒಳಗೆ ಹೋದ ಮೇಲೆ ಬಾಗಿಲು ಹಾಕಿ ಸಿಡಿದೆ. ಮನಸ್ಸಿಲ್ಲದವಳು ತಿಂಗಳಿಡೀ ರಕ್ತ ಸುರಿಸಿಕೊಂಡು ಕ್ಲಚ್ಚು ಒತ್ತಿಸುವುದಿಲ್ಲ ಎಂದೆ. ಪದರ, ಚೂರು, ಮಾತ್ರೆ, ಕ್ಯಾನ್ಸರ್ ಭಯ, ಎಲ್ಲ ಒಂದೇ ಉಸಿರಿಗೆ. ಅತ್ತೆ ಕುರ್ಚಿ ಹುಡುಕಿಕೊಂಡು ಕೂತರು.

ಏಪ್ರಿಲ್ 17

ಬೆಳಿಗ್ಗೆ ಆರಕ್ಕೆ ನಡಿಗೆಗೆ ಹೊರಟರೆ ಬಾಗಿಲಲ್ಲಿ ಅತ್ತೆ, ಮಗನ ಹಳೆಯ ಬೂಟು ಹಾಕಿಕೊಂಡು ನಿಂತಿದ್ದಾರೆ. ಬೂಟಿನ ಮುಂದೆ ಎರಡು ಬೆರಳಷ್ಟು ಜಾಗ ಖಾಲಿ.

“ನನಗೂ ಸಕ್ಕರೆ ಇದೆಯಲ್ಲ” ಎಂದರು. “ಡಾಕ್ಟ್ರು ಹೇಳಿ ಆರು ವರ್ಷ ಆಯ್ತು. ಜೊತೆಗೆ ಯಾರೂ ಇರಲಿಲ್ಲ.”

ನಿನ್ನೆಯ ಮಾತಿಗೆ ಕ್ಷಮೆ ಕೇಳಲಿಲ್ಲ. ಪಾರ್ಕಿನ ಸುತ್ತ ಆಮೆಯ ಹಾಗೆ ಬಂದರು. ನಾನು ಎರಡು ಸುತ್ತು ಹಾಕುವ ಹೊತ್ತಿಗೆ ಅವರದು ಒಂದು. ಪ್ರತಿ ಸಲ ನಾನು ದಾಟಿ ಹೋಗುವಾಗ “ಹೋಗು, ಹೋಗು, ದಾರಿ ಬಿಟ್ಟಿದ್ದೀನಿ” ಎನ್ನುತ್ತಿದ್ದರು. ಇದರಿಂದ ನನ್ನ ವೇಗ ಕೆಟ್ಟಿತು. ನಾಳೆಯಿಂದ ಬೇಗ ಹೊರಡಬೇಕು.

ಮೇ 11

ಊರಿಂದ ತಂಗಿಯ ಫೋನು. ಬಸಿರಂತೆ. ಮದುವೆಯಾಗಿ ಏಳು ತಿಂಗಳು.

ನನಗೆ ಖುಷಿಯಾಯಿತು. ಇನ್ನೊಂದು ಸಲ ಬರೆಯುತ್ತೇನೆ: ಖುಷಿಯಾಯಿತು.

ಸಂಜೆ ಹನ್ನೊಂದು ಕಿಲೋಮೀಟರು ನಡೆದೆ.

ಮೇ 23

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಕೈಯಲ್ಲಿ ಸೂಜಿ ಇದೆ, ಅಕ್ಷರ ವಕ್ರ.

ಸತ್ಯ ಬರೆಯಬೇಕು. ತಂಗಿಯ ಫೋನಿನ ಮಾರನೇ ದಿನದಿಂದ ಪದರದ ಮಾತ್ರೆ ನುಂಗುವುದನ್ನು ನಿಲ್ಲಿಸಿದ್ದೆ. ಮೂರು ತಿಂಗಳಾಗಿದೆ, ಪದರ ಇಳಿದೇ ಇರುತ್ತದೆ, ಇನ್ನು ಮೂರು ತಿಂಗಳು ಯಾಕೆ ಹಾಳುಮಾಡಲಿ, ಈ ತಿಂಗಳೇ ಬಸಿರಾದರೆ ಎಂಬ ದುರಾಸೆ. ಯಾರಿಗೂ ಹೇಳಲಿಲ್ಲ. ಮಾತ್ರೆಯನ್ನು ಲೆಕ್ಕಕ್ಕೆ ಸರಿಯಾಗಿ ಕಿತ್ತು ಸಿಂಕಿಗೆ ಹಾಕುತ್ತಿದ್ದೆ. ನಾಲ್ಕನೇ ದಿನ ಮತ್ತೆ ಶುರುವಾಯಿತು. ನಿಲ್ಲುತ್ತದೆ ಎಂದುಕೊಂಡೆ, ನಿಲ್ಲಲಿಲ್ಲ.

ನಿನ್ನೆ ಬೆಳಿಗ್ಗೆ ಬ್ರೇಕ್ ಟೀಚರ್ ಪಾಠ. ದೊಡ್ಡ ರಸ್ತೆಯ ವೃತ್ತದ ಹತ್ತಿರ ನನ್ನ ಕಿವಿಯಲ್ಲಿ ಗುಂಯ್ ಎಂದಿತು, ಬೆರಳು ತಣ್ಣಗಾದವು. ಕಾರು ನಿಲ್ಲಿಸಿ ಎಂದೆನಂತೆ, ನೆನಪಿಲ್ಲ.

“ನಿಲ್ಲಿಸಲ್ಲ” ಎಂದರಂತೆ ಅವರು.

ನೆನಪಿರುವುದು ಇಷ್ಟು. ಅವರು ಎರಡನೇ ಗೇರಿನಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹಾಕಿದ್ದು ಸ್ವಲ್ಪವೂ ಕುಲುಕದೆ. ಒಂದು ಬಸ್ಸು ಅಡ್ಡ ಬಂದಾಗ ಅದರ ಡ್ರೈವರನಿಗೆ ಕಿಟಕಿಯಿಂದ, “ಕಣ್ಣು ಕಾಣಲ್ವಾ, ಕಲಿಯೋರ ಗಾಡಿ ಇದು!” ಎಂದು ಗದರಿದ್ದು. ನಾಲ್ಕು ವೃತ್ತ, ಒಂದು ಸೇತುವೆ ದಾಟಿ ಆಸ್ಪತ್ರೆಯ ಬಾಗಿಲಲ್ಲೇ ಮೊದಲ ಬ್ರೇಕು.

ಎರಡು ಬಾಟಲಿ ರಕ್ತ ಕೊಟ್ಟರು. ಡಾಕ್ಟರು ಮಂಚದ ಪಕ್ಕ ನಿಂತು ಒಂದೇ ಮಾತು ಕೇಳಿದರು, “ಎಷ್ಟು ದಿನ ಬಿಟ್ರಿ?”

“ಹತ್ತು.”

“ದಪ್ಪ ಪದರ, ಮಾತ್ರೆ ಒಮ್ಮೆಲೇ ನಿಂತ್ರೆ ಹೀಗೇ ಕಳಚಿಕೊಳ್ಳೋದು. ಲೆಕ್ಕ ಮತ್ತೆ ಒಂದರಿಂದ.”

ಬೈದಿದ್ದರೆ ವಾದ ಮಾಡುತ್ತಿದ್ದೆ. ಬೈಯಲಿಲ್ಲ. ಟೀಚರ್ ಹೊರಗಿನ ಬೆಂಚಿನ ಮೇಲೆ ಕಾರಿನ ಕೀ ಹಿಡಿದು ಕೂತಿದ್ದರು, ಸಂಜೆಯವರೆಗೂ.

ಮೇ 26

ಮನೆಗೆ ಬಂದೆ. ಇಬ್ಬರನ್ನೂ ಕೂರಿಸಿ ಸಿಂಕಿನ ವಿಷಯ ನಾನೇ ಹೇಳಿದೆ. ಇವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. “ಮಗು ಇಲ್ದೆ ನಾನು ಇರ್ತೀನಿ. ನೀನಿಲ್ದೆ ಹೇಗಿರ್ಲಿ?” ಎಂದರು, ಬೆನ್ನು ತಿರುಗಿಸಿಕೊಂಡೇ.

ಅತ್ತೆ ಮೂಗು ಒರೆಸಿಕೊಂಡು, “ಆಯ್ತಲ್ಲ, ಅತ್ತಿದ್ದು ಸಾಕು. ಮಾತ್ರೆ ಡಬ್ಬಿ ಅಡುಗೆಮನೇಲಿಡು. ನಂದೂ ಅಲ್ಲೇ ಇರುತ್ತೆ. ನಾನು ನುಂಗೋದನ್ನ ನೀನು ನೋಡು, ನೀನು ನುಂಗೋದನ್ನ ನಾನು ನೋಡ್ತೀನಿ” ಎಂದರು.

ಇವತ್ತು ಒಂದನೇ ದಿನ.

ಜೂನ್ 19

ಟೀಚರ್ ಡ್ರೈವಿಂಗ್ ಪರೀಕ್ಷೆ ಪಾಸು. ಆ ಹಳೆಯ ಕ್ಯಾನ್ಸರಿನ ತಪಾಸಣೆಗೆ ಆಸ್ಪತ್ರೆಗೆ ಹೋಗಲು ಇನ್ನು ಯಾರ ಕಾರಿಗೂ ಕಾಯಬೇಕಿಲ್ಲವಂತೆ, ತಾವೇ ಓಡಿಸಿಕೊಂಡು ಹೋಗುತ್ತಾರಂತೆ. ಎಂಟಿನ ಆಕಾರದಲ್ಲಿ ಒಂದು ಸಲವೂ ನಿಲ್ಲಿಸಲಿಲ್ಲ. ಪರೀಕ್ಷಕರು ಬೆರಗಾದರು. ನಾನಲ್ಲ.

ಶಾಲೆಯ ಯಜಮಾನನಿಗೆ ಹೇಳಿದೆ: ದಿನಕ್ಕೆ ಆರೇ ಪಾಠ, ನಡುವೆ ಕೂತು ಉಣ್ಣಲು ಅರ್ಧ ಗಂಟೆ. ಯಾಕೆ ಎಂದ. ಗರ್ಭಕೋಶದ ಪದರ ದಪ್ಪವಾಗಿದೆ ಎಂದೆ. ಅವನು ಕಿವಿಯವರೆಗೂ ಕೆಂಪಾಗಿ, “ಹಾಂ ಹಾಂ, ಆಯ್ತು, ಆಯ್ತು” ಎಂದ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಆಗಸ್ಟ್ 4

ತೂಕ ಐದೂವರೆ ಕಿಲೋ ಇಳಿದಿದೆ. ಹೊಟ್ಟೆ ತಕರಾರು ನಿಲ್ಲಿಸಿದೆ. ಅತ್ತೆ ಈಗ ನಾಲ್ಕು ಸುತ್ತು ಹಾಕುತ್ತಾರೆ, ಪಾರ್ಕಿನ ಪ್ರತಿ ಬೆಂಚಿನ ಇತಿಹಾಸ ಹೇಳುತ್ತಾರೆ. ಅವರ ಜೊತೆಯಲ್ಲೇ ನಡೆದೆ. ನಿಧಾನವಾಯಿತು, ಪರವಾಗಿಲ್ಲ. ಆಮೇಲೆ ಮೆಟ್ಟಿಲನ್ನು ಎರಡು ಸಲ ಹತ್ತಿದೆ.

ಸೆಪ್ಟೆಂಬರ್ 30

ಬರೆಯಲು ಏನೂ ಇಲ್ಲ. ಮಾತ್ರೆ ಆಯಿತು.

ನವೆಂಬರ್ 18

ಎರಡನೇ ಸಲ ಚೂರು ತೆಗೆದರು. ಮೂವರೂ ಹೋಗಿದ್ದೆವು, ಟೀಚರ್ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ನರ್ಸ್ “ಇದೇನು ಮದುವೆ ದಿಬ್ಬಣಾನಾ? ಒಬ್ಬರು ಸಾಕು” ಎಂದಳು. ಅತ್ತೆ ಬಂದರು. ಒಳಗೆ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ನೋವು ಯಾವ ಕಡೆಯದು ಎಂದು ತಿಳಿಯಲಿಲ್ಲ.

ನವೆಂಬರ್ 28

ಪದರ ಸಹಜ ಸ್ಥಿತಿಯಲ್ಲಿದೆ. ಅತಿ ಬೆಳವಣಿಗೆ ಎಲ್ಲೂ ಇಲ್ಲ. ಇನ್ಸುಲಿನ್ನೂ ಇಳಿದಿದೆ.

ಡಾಕ್ಟರು ಮೊದಲ ಸಲ ನಕ್ಕಿದ್ದು ನೋಡಿದೆ, ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇದೆ. “ಪದರದ ಮಾತ್ರೆ ನಿಲ್ಲಿಸಿ. ಇನ್ಸುಲಿನ್ನಿಂದು ಇರಲಿ. ಅಂಡ ಬಿಡಿಸೋ ಮಾತ್ರೆ ಈ ತಿಂಗಳೇ ಶುರು ಮಾಡೋಣ್ವಾ? ನಿಮಗೆ ಅವಸರ ಇತ್ತಲ್ಲ.”

“ಒಂದೆರಡು ತಿಂಗಳು ಬಿಟ್ಟು ನೋಡೋಣ. ಇದು ತಾನಾಗಿ ಏನು ಮಾಡುತ್ತೋ ನನಗೆ ನೋಡ್ಬೇಕು.”

“ಸರಿ. ಆದ್ರೆ ಎರಡು ತಿಂಗಳು ಮುಟ್ಟಾಗದಿದ್ರೆ ನೇರ ಇಲ್ಲಿಗೆ. ಐದು ತಿಂಗಳು ಕಾಯೋ ಹಾಗಿಲ್ಲ. ಗೆದ್ದೆ ಅಂತ ಬಿಡೋ ಕಾಯಿಲೆ ಅಲ್ಲ ಇದು.”

ಬಿಡುವವಳು ಯಾರು! ತಂಗಿಗೆ ಫೋನ್ ಮಾಡಿದೆ. ಹೊಟ್ಟೆಯೊಳಗಿನದು ಒದೆಯುತ್ತದಂತೆ. ಒಂದು ಗಂಟೆ ಮಾತಾಡಿದೆವು. ಅವಳಿಗೂ ಹಿಂದೆ ಮುಟ್ಟು ಏರುಪೇರಾಗುತ್ತಿತ್ತಂತೆ, ಹೇಳಿರಲಿಲ್ಲ. ಹೆರಿಗೆಯಾದ ಮೇಲೆ ಸಕ್ಕರೆ, ಇನ್ಸುಲಿನ್ ಎರಡೂ ನೋಡಿಸಿಕೋ ಎಂದು ಗದರಿದೆ.

ಡಿಸೆಂಬರ್ 3

ಮಾತ್ರೆ ನಿಲ್ಲಿಸಿದ್ದಕ್ಕೆ ಬರಬೇಕಾದ ರಕ್ತ ಬಂತು. ಅಳತೆಯಲ್ಲೇ ಇದೆ. ಇದು ಮಾತ್ರೆಯದು, ನನ್ನದಲ್ಲ. ನನ್ನದು ಇನ್ನು ಮುಂದೆ.

ಜನವರಿ 6

ಮೂವತ್ತೈದನೇ ದಿನ. ಇಲ್ಲ. ನಡೆದೆ.

ಜನವರಿ 12

ಬೆಳಿಗ್ಗೆ ಪಾರ್ಕಿನಲ್ಲಿ ಎರಡನೇ ಸುತ್ತಿನ ಕೊನೆಯಲ್ಲಿ ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಹಿಡಿದುಕೊಂಡಿತು. ಪಾರ್ಕಿನ ಶೌಚಾಲಯಕ್ಕೆ ಹೋಗಿ ನೋಡಿದೆ. ಬಂದಿತ್ತು. ಯಾವ ಮಾತ್ರೆಯೂ ಕರೆಯದೆ, ತಾನಾಗಿ, ನಲವತ್ತೊಂದನೇ ದಿನ. ಹೊರಗೆ ಬಂದು ಅತ್ತೆಗೆ ಹೇಳಿದೆ.

“ನಿಜವಾಗ್ಲೂ? ನೋವಿದೆಯಾ? ಜಾಸ್ತಿನಾ?”

“ಇಲ್ಲ. ಎಲ್ಲರಿಗೂ ಆಗೋ ಹಾಗೆ.”

ಅತ್ತೆ ನಡುದಾರಿಯಲ್ಲಿ ನಿಂತು ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದುಕೊಂಡರು. ಓಡುತ್ತಿದ್ದವರೊಬ್ಬರು ಸುತ್ತಿಕೊಂಡು ಹೋದರು. ಆಮೇಲೆ ಏನೋ ಹೊಳೆದವರಂತೆ ಕೈ ಬಿಟ್ಟು, “ಅಲ್ವೇ, ಸೊಸೆ ಮುಟ್ಟಾದಳು ಅಂತ ಕುಣಿಯೋ ಅತ್ತೆ ಭೂಮಿ ಮೇಲೆ ನಾನೊಬ್ಬಳೇ ಇರಬೇಕು!” ಎಂದರು.

ನಗು ತಡೆಯಲಾಗಲಿಲ್ಲ. ಅವರಿಗೂ. ಬೆಂಚು ಹಿಡಿದುಕೊಂಡು ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಮನೆಗೆ ಹೋಗೋಣ್ವಾ, ಸುಸ್ತಾಗುತ್ತೇನೋ ಎಂದರು ಅತ್ತೆ. ಇನ್ನೂ ಎರಡು ಸುತ್ತು ಬಾಕಿ ಇದೆ ಎಂದೆ.

ಮುಗಿಸಿಯೇ ಬಂದೆವು.